ಹಾಲು, ಪಾಲು, ಆಲೂಗಡ್ಡೆ

ದೊಡ್ಡಪ್ಪ ಸತ್ತಾಗ ಹಾಕಿಸಿದ ಊಟದಲ್ಲಿ ಅಷ್ಟೊಂದು ಆಲೂಗಡ್ಡೆ ಯಾಕಿತ್ತು ಎಂದು ಈಗಲೂ ನಮ್ಮ ನೆಂಟರಲ್ಲಿ ಕೆಲವರು ಕೇಳುತ್ತಾರೆ. ಆಲೂಗಡ್ಡೆ ಇದ್ದದ್ದು ದೊಡ್ಡ ವಿಷಯವಲ್ಲ. ದೊಡ್ಡಪ್ಪನ ಕಿರಿಸೊಸೆ ಚಿಕ್ಕತ್ತಿಗೆ ಒಂದೊಂದು ತಟ್ಟೆಯ ಮುಂದೂ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾವನವರ ಕೊನೆ ಆಸೆ ಇದು, ಬೇಡ ಅನ್ಬೇಡಿ" ಎಂದು ಎರಡೆರಡು ಸೌಟು ಸುರಿದದ್ದು ವಿಷಯ. ಸತ್ತವರ ಹೆಸರು ಹೇಳಿ ಬಡಿಸಿದರೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಸಕ್ಕರೆ ಕಾಯಿಲೆಯವರೂ ತಿಂದರು.

ನಮ್ಮ ಮನೆತನದಲ್ಲಿ ಸಾಯುವವರ ಕೊನೆಯ ಮಾತಿಗೆ ಬಹಳ ಬೆಲೆ. ಅದಕ್ಕೆ ಹಿಂದಿನ ಮಾತುಗಳನ್ನು ಯಾರೂ ಕಿವಿಗೆ ಹಾಕಿಕೊಂಡಿರುವುದಿಲ್ಲವಲ್ಲ, ಆದ್ದರಿಂದ. ಆದರೆ ದೊಡ್ಡಪ್ಪನ ವಿಷಯದಲ್ಲಿ ಒಬ್ಬಳು ಕಿವಿಗೆ ಹಾಕಿಕೊಂಡಿದ್ದಳು. ಅವಳು ದೊಡ್ಡಪ್ಪನ ಮಗಳು, ನನಗೆ ಅಕ್ಕ. ಇಬ್ಬರು ಗಂಡುಮಕ್ಕಳ ನಡುವೆ ಹುಟ್ಟಿದವಳು. ಎರಡು ದಿಂಬಿನ ನಡುವೆ ಸಿಕ್ಕಿದ ಸೂಜಿಯಂತೆ ಇದ್ದಳು. ಯಾರಿಗೂ ಕಾಣುತ್ತಿರಲಿಲ್ಲ. ಮನೆಮಂದಿಯೆಲ್ಲ ಅವಳನ್ನು ದುಭಾಷಿ ಎಂದು ಕರೆಯುತ್ತಿದ್ದರು. ಆ ಹೆಸರು ಬಂದದ್ದು ಹೇಗೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಕ್ಕ ಮೊದಲು ಬಸ್ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದಳು. ಮೆಟ್ಟಿಲ ಕೆಳಗೊಂದು ಗೂಡಿನಂಥ ಕೋಣೆ, ತೂತಿರುವ ಗಾಜು, ಕರ್ಚೀಫು ಸುತ್ತಿದ ಮೈಕು. "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡಿದಳೆಂದರೆ, ಓಡುತ್ತಿದ್ದವರೂ ನಿಂತು ಕೇಳಬೇಕು, ಅಂಥ ಉಚ್ಚಾರ. ಆದರೆ ಅವಳ ನಿಜವಾದ ವಿದ್ಯೆ ಹೇಳುವುದರಲ್ಲಿರಲಿಲ್ಲ, ಕೇಳುವುದರಲ್ಲಿತ್ತು. ಕಂಡಕ್ಟರುಗಳು ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಆ ತೂತಿನಲ್ಲಿ ಏನೋ ಗೊಣಗಿ ಹೋಗುತ್ತಿದ್ದರು. ಡ್ರೈವರುಗಳು ಎಂಜಿನ್ ನಿಲ್ಲಿಸದೆ ಕಿಟಕಿಯಿಂದಲೇ ಕೂಗುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಅರ್ಧ ಊರನ್ನು ತಪ್ಪು ಬಸ್ಸಿಗೆ ಹತ್ತಿಸುತ್ತಿದ್ದರು. ಅಕ್ಕ ಒಂದು ದಿನವೂ ಇನ್ನೊಮ್ಮೆ ಹೇಳಿ ಅಂದವಳಲ್ಲ.

ದೊಡ್ಡಪ್ಪನದು ಹಾಸಿಗೆ ಅಂಗಡಿ. ಹಾಸಿಗೆ, ದಿಂಬು, ಒರಗುವ ಲೋಡು, ಎಲ್ಲ ಅಲ್ಲೇ ತುಂಬಿ, ಹೊಲಿದು ಮಾರುತ್ತಿದ್ದರು. ಅವರ ಮೀಸೆಯಲ್ಲಿ ಸದಾ ಹತ್ತಿಯ ಎಳೆ ಇರುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಊರಿಗೆಲ್ಲ ಹೇಳುತ್ತಿದ್ದರು, ಗಿರಾಕಿ ಬಂದರೆ ಮಾತ್ರ ಕಾಲು ಇದ್ದಷ್ಟು ಹಾಸಿಗೆ ತಗೊಳ್ಳಿ ಅನ್ನುತ್ತಿದ್ದರು. ಒಂದು ಬೆಳಗ್ಗೆ ದಾರ ಪೋಣಿಸುತ್ತ ಕೂತಿದ್ದಾಗಲೇ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಅರ್ಧ ನಾಲಿಗೆ ಹೋಯಿತು. ಮಾತು ಇತ್ತು, ಆದರೆ ಎಷ್ಟೋ ಸಲ ಮೊದಲ ಅಕ್ಷರ ಗಂಟಲಲ್ಲೇ ಉಳಿದುಬಿಡುತ್ತಿತ್ತು; ಕೊನೆಯ ಅಕ್ಷರ ತುಟಿಯಲ್ಲಿ ಸೋರಿ ಹೋಗುತ್ತಿತ್ತು.

ಯಾರು ನೋಡಿಕೊಳ್ಳಬೇಕು ಎಂದು ಮನೆಯವರು ಕೂತು ಯೋಚಿಸಿದರು. ದೊಡ್ಡಮ್ಮ ಅಷ್ಟರಲ್ಲಿ ತೀರಿಕೊಂಡು ಪುಣ್ಯ ಕಟ್ಟಿಕೊಂಡಿದ್ದರು. ದೊಡ್ಡಣ್ಣನಿಗೆ ಅಂಗಡಿ ಇತ್ತು. ಚಿಕ್ಕಣ್ಣನಿಗೆ ಬೆನ್ನುನೋವಿತ್ತು. ಆ ಬೆನ್ನುನೋವು ಆ ಸಭೆಯಲ್ಲಿ ಹುಟ್ಟಿದ್ದು, ಇನ್ನೂ ಗಟ್ಟಿಯಾಗಿದೆ. ಅಕ್ಕನಿಗೆ ಮದುವೆ ಆಗಿರಲಿಲ್ಲ. ಆದ್ದರಿಂದ ಅವಳಿಗೆ ಏನೂ ಕೆಲಸವಿಲ್ಲ ಎಂದು ಎಲ್ಲರಿಗೂ ಅನಿಸಿತು. ಬಸ್ ನಿಲ್ದಾಣದ ಕೆಲಸ ಕೆಲಸವಲ್ಲವೇ ಎಂದು ನಾನು ಕೇಳಿದೆ. "ಮೈಕಲ್ಲಿ ಮಾತಾಡೋದು ಒಂದು ಕೆಲಸಾನಾ?" ಎಂದರು ದೊಡ್ಡತ್ತಿಗೆ. ಬಾಯಿದ್ದವರ ಮುಂದೆ ಮೈಕಿದ್ದವರು ಸೋತರು. ಅಕ್ಕ ಕೆಲಸ ಬಿಟ್ಟಳು.

ಅಂದಿನಿಂದ ದೊಡ್ಡಪ್ಪನ ಮಾತು ಲೋಕಕ್ಕೆ ತಲುಪುತ್ತಿದ್ದದ್ದು ಅಕ್ಕನ ಬಾಯಿಂದ. ಡಾಕ್ಟರು ಬಂದರೂ ಅವಳೇ, ಅಂಗಡಿಯ ಕೆಲಸಗಾರರು ಬಂದರೂ ಅವಳೇ. ಗಂಡುಮಕ್ಕಳು ಅಪರೂಪಕ್ಕೆ ಬಂದು ಬಾಗಿಲಲ್ಲೇ ನಿಂತು, "ಅಪ್ಪ ಏನಂತಾರೆ?" ಎಂದು ಅಪ್ಪನ ಎದುರಿಗೇ ಅವಳನ್ನು ಕೇಳುತ್ತಿದ್ದರು. ಅವಳು ಹೇಳಿದ್ದನ್ನು ಕೇಳಿ, ತಲೆಯಾಡಿಸಿ, ಚಪ್ಪಲಿ ಕೂಡ ಬಿಡದೆ ಹೋಗುತ್ತಿದ್ದರು. ಹೀಗೆ ದುಭಾಷಿ ಎಂಬ ಹೆಸರು ಬಿತ್ತು.

ದುಭಾಷಿಗಳೆಲ್ಲ ಸ್ವಲ್ಪ ಸುಳ್ಳರೇ. ಒಮ್ಮೆ ನಾನು ಅಲ್ಲಿದ್ದಾಗ ದೊಡ್ಡಣ್ಣ ಬಂದ. ಅಂಗಡಿಯ ಹಳೆಯ ಕೆಲಸಗಾರನನ್ನು ಬಿಡಿಸಿದ್ದೇನೆ ಎಂದು ಬಹಳ ಹೆಮ್ಮೆಯಿಂದ ಹೇಳಿದ. ದೊಡ್ಡಪ್ಪನ ಮುಖ ಕೆಂಪಾಯಿತು. ಚೆನ್ನಾಗಿದ್ದ ಎಡಗೈಯಿಂದ ಮಂಚ ಗುದ್ದಿ ಏನೋ ಅಂದರು. ಅಂದದ್ದು ಹಾಳಾಗಿ ಹೋಗು ಎಂದು ಹಾಳುಗೋಡೆಗೂ ಗೊತ್ತಾಗುವಂತಿತ್ತು.

"ಏನಂದ್ರು?" ಎಂದ ದೊಡ್ಡಣ್ಣ.

"ಹಾಯಾಗಿರು ಅಂದ್ರು," ಎಂದಳು ಅಕ್ಕ.

ದೊಡ್ಡಣ್ಣ ಸಂತೋಷದಿಂದ ಹೋದ. ದೊಡ್ಡತ್ತಿಗೆ ಡಬ್ಬಿಯಲ್ಲಿ ಏನಾದರೂ ಮಾಡಿ ಕಳಿಸಿದರೆ ದೊಡ್ಡಪ್ಪ ಥೂ ಅನ್ನುತ್ತಿದ್ದರು. ಅಕ್ಕ ಫೋನಿನಲ್ಲಿ "ತುಂಬ ಚೆನ್ನಾಗಿದೆಯಂತೆ" ಅನ್ನುತ್ತಿದ್ದಳು. ಮೊದಲ ಅಕ್ಷರ ಹತ್ತಿರ ಹತ್ತಿರವೇ ಇದ್ದದ್ದರಿಂದ ಅವಳ ಮನಸ್ಸಿಗೂ ಅಷ್ಟಾಗಿ ಚುಚ್ಚುತ್ತಿರಲಿಲ್ಲವೇನೋ. ಮನೆ ಒಡೆಯದೆ ಇದ್ದದ್ದು ಈ ತಪ್ಪು ಅನುವಾದಗಳಿಂದ ಎಂದು ನಾನು ಇವತ್ತಿಗೂ ನಂಬುತ್ತೇನೆ.

ಆಮೇಲೆ ಬಂದದ್ದು ಆಸ್ತಿಯ ಮಾತು. ದೊಡ್ಡಪ್ಪ ಬದುಕಿರುವಾಗಲೇ ಅಂಗಡಿ ದೊಡ್ಡಣ್ಣನ ಹೆಸರಿಗೂ, ಅದರ ಹಿಂದಿನ ಗೋದಾಮು ಚಿಕ್ಕಣ್ಣನ ಹೆಸರಿಗೂ ಬರೆದುಬಿಡಲಿ ಎಂದು ಗಂಡುಮಕ್ಕಳು ಒಂದಾದರು. ಅವರಿಬ್ಬರೂ ಜೀವಮಾನದಲ್ಲಿ ಒಂದಾದದ್ದು ಅದೊಂದೇ ಸಲ. ಕೈ ನಡುಗುವವರ ಒಪ್ಪಿಗೆಯನ್ನು ಬಾಯಿಂದಲೂ ಕೇಳಬೇಕು ಎಂದು ನೋಂದಣಿ ಕಚೇರಿಯ ಅಧಿಕಾರಿ ಪಟ್ಟು ಹಿಡಿದರಂತೆ. ದೊಡ್ಡಪ್ಪನನ್ನು ಕುರ್ಚಿಸಮೇತ ಹೊತ್ತುಕೊಂಡು ಹೋದರು. ಅಧಿಕಾರಿ ಕಿವುಡರಿಗೆ ಹೇಳುವಂತೆ ಜೋರಾಗಿ, "ಯಜಮಾನ್ರೇ, ನಿಮ್ಮ ಇಷ್ಟದಿಂದಲೇ ಕೊಡ್ತಿದೀರಾ?" ಎಂದು ಕೇಳಿದರು. ದೊಡ್ಡಪ್ಪ ಏನೋ ಅಂದರು. ಅಲ್ಲಿದ್ದವರಿಗೆಲ್ಲ ಕೇಳಿಸಿದ್ದು "ಆಗಲ" ಎಂಬಷ್ಟು ಮಾತ್ರ, ಬಾಲ ತುಟಿಯಲ್ಲೇ ಉಳಿಯಿತು. ಎಲ್ಲರೂ ಅಕ್ಕನ ಕಡೆ ತಿರುಗಿದರು.

"ಆಗಲಿ ಅಂತಿದಾರೆ," ಎಂದಳು ಅಕ್ಕ.

ಹೆಬ್ಬೆಟ್ಟು ಬಿತ್ತು. ಕಚೇರಿಯ ಮೆಟ್ಟಿಲಲ್ಲೇ ದೊಡ್ಡಣ್ಣ ಎಲ್ಲರಿಗೂ ಟೀ ಕೊಡಿಸಿ, "ನಿನ್ನ ಕಿವಿ ಚಿನ್ನ ಕಣೇ" ಎಂದನಂತೆ. ಚಿನ್ನ ಎಂಬ ಮಾತು ಬಿಟ್ಟರೆ ಅವಳಿಗೆ ಬೇರೇನೂ ಸಿಗಲಿಲ್ಲ.

ಉಳಿದದ್ದು ಮನೆ. ಅದರಲ್ಲಿ ದೊಡ್ಡಪ್ಪ ಮಲಗಿದ್ದರಿಂದ ಅದನ್ನು ಆಮೇಲೆ ನೋಡೋಣ ಎಂದಿದ್ದರು. ಆಮೇಲೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ಉಸಿರಾಡುತ್ತಿದ್ದಾಗಲೇ ಒಬ್ಬ ದಲ್ಲಾಳಿ ಬಂದು, ಅವರ ಮಂಚದ ಕೆಳಗೂ ಟೇಪು ತೂರಿಸಿ ಕೋಣೆ ಅಳೆದುಕೊಂಡು ಹೋಗಿದ್ದ. ಮನೆ ಮಾರಿ ಅಣ್ಣತಮ್ಮಂದಿರು ಹಂಚಿಕೊಳ್ಳುವುದು. ಅಕ್ಕ ಕೆಲವು ತಿಂಗಳು ಅವರಲ್ಲಿ, ಕೆಲವು ತಿಂಗಳು ಇವರಲ್ಲಿ ಇರುವುದು. ದೊಡ್ಡಣ್ಣನ ಮನೆಯಲ್ಲಿ ಅವಳಿಗೆಂದು ನೋಡಿಟ್ಟದ್ದು ಮಾರಾಟವಾಗದ ಹಾಸಿಗೆ ಒಟ್ಟುವ ಕೋಣೆ. ಚಿಕ್ಕಣ್ಣನ ಮನೆಯಲ್ಲಿ ಬಟ್ಟೆ ಒಣಗಿಸುವ ಬಾಲ್ಕನಿಗೆ ಗಾಜು ಹಾಕಿಸುವ ಮಾತಿತ್ತು. ಅಕ್ಕನ ತಲೆಯ ಮೇಲಿನ ಸೂರು ಹೀಗೆ ದೊಡ್ಡಪ್ಪನ ಉಸಿರಿಗೆ ಜೋತುಬಿದ್ದಿತ್ತು.

ಆ ಉಸಿರು ನಿಂತದ್ದು ಒಂದು ಮಧ್ಯಾಹ್ನ. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಗಂಡುಮಕ್ಕಳು, ಸೊಸೆಯರು ಬಂದು ಮಂಚದ ಸುತ್ತ ನಿಂತಿದ್ದರು. ನಾನು ಕಾಲಿನ ಕಡೆ ಇದ್ದೆ. ಅಕ್ಕ ತಲೆಯ ಹತ್ತಿರ ಸ್ಟೂಲಿನ ಮೇಲೆ, ಅಲ್ಲಿಂದ ಏಳದೆ ಎಷ್ಟು ಹೊತ್ತಾಗಿತ್ತೋ ಏನೋ, ಗೋಡೆಗೆ ಒರಗಿ ಕೂತಿದ್ದಳು. ದೊಡ್ಡಪ್ಪ ಕಣ್ಣು ಬಿಟ್ಟರು. ಎಲ್ಲರನ್ನೂ ಒಂದು ಸುತ್ತು ನೋಡಿದರು. ಎಡಗೈ ಎತ್ತಿ ಅಕ್ಕನ ಕಡೆ ತೋರಿಸಿದರು.

"ಅವಳ್ಗೆ... ಆಲು... ಕೊಡಿ."

ಅಷ್ಟೇ. ಕೈ ಕೆಳಗೆ ಬಿತ್ತು. ಎಲ್ಲರೂ ಅಭ್ಯಾಸಬಲದಿಂದ ಅಕ್ಕನ ಕಡೆ ತಿರುಗಿ, "ಏನಂದ್ರು?" ಎಂದರು. ಅಕ್ಕ ಬಾಯಿ ತೆರೆದಳು, ಮುಚ್ಚಿಕೊಂಡಳು. ಅಷ್ಟು ವರ್ಷದಲ್ಲಿ ದುಭಾಷಿ ಅನುವಾದ ಮಾಡದೆ ಇದ್ದದ್ದು ಅದೇ ಮೊದಲು.

ಖಾಲಿ ಜಾಗ ಕಂಡರೆ ದೊಡ್ಡತ್ತಿಗೆ ಬಿಡುವವರಲ್ಲ. "ಹಾಲು ಅಂದ್ರು. ಅವಳಿಗೆ ಹಾಲು ಕೊಡಿ ಅಂದ್ರು," ಎಂದರು ತಕ್ಷಣ. ಚಿಕ್ಕತ್ತಿಗೆ ಬಹಳ ಮುಗ್ಧೆ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ನಂಬುವವರು. "ಆಲೂ ಅಂದ ಹಾಗಿತ್ತಲ್ಲಕ್ಕಾ, ಆಲೂಗಡ್ಡೆ?" ಎಂದರು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಪಾಲು. ಅವಳಿಗೆ ಪಾಲು ಕೊಡಿ. ಸಾಯುವ ಅಪ್ಪ, ಸುತ್ತ ನಿಂತ ಗಂಡುಮಕ್ಕಳು, ಬೆರಳು ಮಗಳ ಕಡೆ: ಇನ್ನೇನು ಅಂದಿರುತ್ತಾರೆ? ದೊಡ್ಡಣ್ಣನ ಮುಖ ನೋಡಿದೆ. ಅವನಿಗೂ ಅದೇ ಕೇಳಿಸಿತ್ತು ಎಂದು ಆ ಮುಖವೇ ಹೇಳುತ್ತಿತ್ತು. "ಹಾಲೇ," ಎಂದ ಅವನು ಗಟ್ಟಿಯಾಗಿ. ಅಷ್ಟರಲ್ಲಿ ದೊಡ್ಡಪ್ಪ ಹೋಗಿಬಿಟ್ಟಿದ್ದರು. ಅವರು ಹೋದದ್ದನ್ನು ಮೊದಲು ಕಂಡವಳು ಅಕ್ಕ. ಉಳಿದವರು ಹಾಲು, ಆಲೂಗಡ್ಡೆಗಳ ನಡುವೆ ಇದ್ದರು.

ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ನನ್ನಿಂದ ಆಗದ ಮಾತು. ಶವ ಎತ್ತುವ ಮೊದಲೇ ತೀರ್ಪು ಮಾವನ ಕಿವಿಯಲ್ಲಿ ಊದಿದೆ. ತೀರ್ಪು ಮಾವ ಎಂದರೆ ದೊಡ್ಡಮ್ಮನ ತಮ್ಮ. ನೆಂಟರಲ್ಲಿ ಎಲ್ಲಿ ಸಾವಾದರೂ ಊಟಕ್ಕೆ ಬರುತ್ತಾರೆ, ಎಲ್ಲಿ ಜಗಳವಾದರೂ ತೀರ್ಪು ಕೊಡುತ್ತಾರೆ. ಎರಡೂ ಒಂದೇ ಕಡೆ ಸಿಕ್ಕರೆ ಒಂದೇ ಪ್ರಯಾಣದಲ್ಲಿ ಮುಗಿಯಿತಲ್ಲ ಎಂದು ಅವರಿಗೆ ಸಮಾಧಾನ. ಅವರ ತೀರ್ಪು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎರಡೂ ಕಡೆಯವರು ತಮಗೇ ಬೆಳಕು ಬಿತ್ತು ಎಂದು ಮನೆಗೆ ಹೋಗುತ್ತಾರೆ, ಮರುದಿನ ಮತ್ತೆ ಹೊಡೆದಾಡುತ್ತಾರೆ.

ಊಟದ ದಿನ ಬಂತು. ಹಿತ್ತಿಲಲ್ಲಿ ಟಾರ್ಪಾಲು ಕಟ್ಟಿದ್ದರು. ನೆಲ ತಣ್ಣಗಿರುತ್ತದೆಂದು ದೊಡ್ಡಣ್ಣ ಅಂಗಡಿಯಿಂದ ಹೊಸ ಹಾಸಿಗೆಗಳನ್ನು ತರಿಸಿ ಸಾಲಾಗಿ ಹಾಕಿಸಿದ್ದ. ಅಪ್ಪನ ನೆನಪಿಗೆ ಅಪ್ಪನದೇ ಹಾಸಿಗೆ ಎಂದು ಬಂದವರಿಗೆಲ್ಲ ಹೇಳಿದ. ಆದರೆ ಪ್ಲಾಸ್ಟಿಕ್ ಕವರು ಬಿಚ್ಚಿರಲಿಲ್ಲ, ಮರುದಿನ ಮಾರುವುದಿತ್ತಲ್ಲ. ಹಿರಿಯರು ಕೂತಾಗ ಒಮ್ಮೆ, ಬಗ್ಗಿ ತುತ್ತು ಎತ್ತಿದಾಗ ಒಮ್ಮೆ ಪರಪರ ಸದ್ದು. ದುಃಖದ ಮಾತಾಡಲು ಹೊರಟವರೆಲ್ಲ ಆ ಸದ್ದಿಗೆ ಮಾತು ನುಂಗಿಕೊಂಡರು.

ಅಡುಗೆಯಲ್ಲೂ ರಾಜಕೀಯ. ಕೊನೆಯ ಆಸೆ ನಡೆಸಿಕೊಟ್ಟೆವು ಎಂದು ಊರಿಗೆ ಕಾಣಬೇಕಿತ್ತು. ಆದ್ದರಿಂದ ದೊಡ್ಡತ್ತಿಗೆಯ ಹಟದಿಂದ ಹಾಲು ಬತ್ತಿಸಿ ಮಾಡಿದ ಒಂದು ಸಿಹಿ ಇತ್ತು. ಚಿಕ್ಕತ್ತಿಗೆಯ ಭಕ್ತಿಯಿಂದ ಹುರಿದ ಆಲೂಗಡ್ಡೆ ಇತ್ತು. ಸೊಸೆಯರಿಬ್ಬರೂ ತಮ್ಮ ತಮ್ಮ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಎದುರುಬದುರಾಗಿ ಬರುತ್ತಿದ್ದರು. ಒಬ್ಬರು ಬಡಿಸಿದ ತಟ್ಟೆಗೆ ಇನ್ನೊಬ್ಬರು ತಮ್ಮದನ್ನು ಮೇಲೆ ಸುರಿಯುತ್ತಿದ್ದರು. ದೊಡ್ಡಪ್ಪನ ಆ ಒಂದು ಮಾತಿಗೆ ಎಷ್ಟು ಅರ್ಥವಿತ್ತೋ ಅಷ್ಟನ್ನೂ ಬೇಯಿಸಿ ಬಡಿಸಿದ್ದರು, ಪಾಲೊಂದನ್ನು ಬಿಟ್ಟು. ಅಕ್ಕ ನೀರಿನ ಜಗ್ಗು ಹಿಡಿದು ಓಡಾಡುತ್ತಿದ್ದಳು. ಅವಳಿಗೆ ಯಾರೂ ಕೂತುಕೋ ಅನ್ನಲಿಲ್ಲ. ಒಂದು ಮನೆಯ ಯೋಗ್ಯತೆ ನೋಡಬೇಕಾದರೆ ಅವರು ಏನು ಬಡಿಸುತ್ತಾರೆ ಎಂದು ನೋಡಬಾರದು, ಯಾರು ನಿಂತೇ ಇದ್ದಾರೆ ಎಂದು ನೋಡಬೇಕು.

ಕೊನೆಯ ಪಂಕ್ತಿಗೆ ಮನೆಯವರು ಕೂತರು. ತೀರ್ಪು ಮಾವ ಎರಡನೆಯ ಸಲ ಸಿಹಿ ಹಾಕಿಸಿಕೊಂಡು, ಮೊದಲ ತುತ್ತು ಬಾಯಲ್ಲಿರುವಾಗಲೇ ಶುರು ಮಾಡಿದರು.

"ನಾನು ಯಾರ ಮನೆ ವಿಷಯಕ್ಕೂ ಬಾಯಿ ಹಾಕೋನಲ್ಲಪ್ಪ. ಆದ್ರೆ ಭಾವನೋರು ಹೋಗೋವಾಗ ಇವಳಿಗೆ ಪಾಲು ಕೊಡಿ ಅಂದ್ರಂತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರು ಹೇಳಿದರು ಎಂದು ಕೂಡ ಕೇಳದೆ ದೊಡ್ಡಣ್ಣ ತಟ್ಟೆ ತಳ್ಳಿದ.

"ಪಾಲು ಅಲ್ಲ ಮಾವ, ಹಾಲು! ಹಾಲು ಅಂದ್ರು. ಅದಕ್ಕೇ ಅಲ್ವ ಇದನ್ನ ಮಾಡ್ಸಿರೋದು? ನಿಮ್ಮ ಬಾಯಲ್ಲೇ ಇದೆಯಲ್ಲ!"

"ಬಾಯಲ್ಲಿರೋದು ಚೆನ್ನಾಗಿದೆ," ಎಂದರು ಮಾವ. "ಆದ್ರೆ ನ್ಯಾಯ ಅಂತ ಒಂದಿದೆ. ಹೆಣ್ಣುಮಗಳು ಇಷ್ಟು ವರ್ಷ ಮಾಡಿದಾಳೆ. ಮನೆ ಮಾರಿದ್ರೆ ಅವಳೆಲ್ಲಿ ಹೋಗ್ಬೇಕು?"

"ನಮ್ಮ ಮನೆ ಇಲ್ವಾ?" ಎಂದರು ದೊಡ್ಡತ್ತಿಗೆ. "ಕೋಣೆ ಖಾಲಿ ಮಾಡಿಸ್ತಿದೀನಿ."

"ನಮ್ಮಲ್ಲೂ ಗಾಜು ಹಾಕಿಸ್ತಿದೀವಿ," ಎಂದ ಚಿಕ್ಕಣ್ಣ, ಆಲೂಗಡ್ಡೆಯಿಂದ ತಲೆ ಎತ್ತದೆ.

ಮಾವ ಅಕ್ಕನ ಕಡೆ ತಿರುಗಿದರು. "ನೀನೇ ಹೇಳಮ್ಮ. ನಿಮ್ಮಪ್ಪನ ಮಾತು ನಿನಗಲ್ಲದೆ ಯಾರಿಗೆ ತಿಳೀತಿತ್ತು? ಹಾಲು ಅಂದ್ರೋ, ಪಾಲು ಅಂದ್ರೋ?"

ಅಕ್ಕ ಜಗ್ಗು ಕೆಳಗಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಣ್ಣ ನುಗ್ಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ದಿನ ದೊಡ್ಡಣ್ಣ ಎರಡನ್ನೂ ಒಟ್ಟಿಗೆ ಮಾಡಿಕೊಂಡ.

"ಅವಳನ್ನೇನು ಕೇಳ್ತೀರಿ ಮಾವ? ಅವಳಿಗೇನು ತಿಳೀತಿತ್ತು? ಅಪ್ಪನ ಬಾಯಿಂದ ಬರ್ತಿದ್ದಿದ್ದು ಮಾತಾ ಅದು? ಬರೀ ಗೊಣಗಾಟ. ಇವಳು ಬಾಯಿಗೆ ಬಂದಿದ್ದು ಹೇಳೋಳು, ನಾವು ಪಾಪ ಅಂತ ಹೂಂಗುಟ್ಟೋರು. ಒಂದು ದಿನಾನೂ ಅಪ್ಪ ಅಂದಿದ್ದು ಇವಳಿಗೆ ಸರಿಯಾಗಿ ಕೇಳ್ಸಿಲ್ಲ. ಬರ್ಕೊಡ್ತೀನಿ ಬೇಕಾದ್ರೆ!"

"ಹೌದೌದು," ಎಂದರು ದೊಡ್ಡತ್ತಿಗೆ. "ಎಲ್ಲ ಅಂದಾಜಿನ ಮೇಲೆ."

ಅಕ್ಕ ದೊಡ್ಡಣ್ಣನನ್ನೇ ನೋಡುತ್ತಿದ್ದಳು. ಅವಳು ಅಳುತ್ತಾಳೆ ಎಂದುಕೊಂಡು ನಾನು ಎದ್ದು ಹತ್ತಿರ ಹೋದೆ. ಹಾಸಿಗೆ ಒದ್ದೆ ಮಾಡಿಕೊಂಡ ಅಪ್ಪನನ್ನು ಎತ್ತಿ ಹೊರಳಿಸಿ ಅವಳ ಸೊಂಟ ಹೋಗಿತ್ತು. ಈ ಮಹಾರಾಯರು ಬಾಗಿಲ ಹೊರಗೆ ನಿಂತು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆದರೆ ಅಕ್ಕ ಅಳಲಿಲ್ಲ. ಮಾತಾಡಿದಳು. ಬಸ್ ನಿಲ್ದಾಣ ಬಿಟ್ಟ ಮೇಲೆ ನಾನು ಆ ದನಿ ಕೇಳಿರಲಿಲ್ಲ. ಜೋರಿರಲಿಲ್ಲ, ಸಿಟ್ಟೂ ಇರಲಿಲ್ಲ. ಪ್ರತಿ ಅಕ್ಷರವೂ ಬೇರೆ ಬೇರೆ ಕೇಳಿಸುತ್ತಿತ್ತು.

"ಅಣ್ಣ ಹೇಳೋದು ನಿಜ ಮಾವ. ನನಗೆ ಅಪ್ಪನ ಮಾತು ಸರಿಯಾಗಿ ಕೇಳಿಸ್ತಾ ಇರ್ಲಿಲ್ಲ. ಅಂದಾಜಿನ ಮೇಲೇ ಹೇಳ್ತಿದ್ದೆ."

ದೊಡ್ಡಣ್ಣ ಗೆದ್ದವನಂತೆ ಮತ್ತೆ ತಟ್ಟೆ ಹತ್ತಿರ ಎಳೆದುಕೊಂಡ.

"ಅದಕ್ಕೇ ಈಗ ಮನಸ್ಸಲ್ಲಿ ಒಂದು ಕೊರೀತಾ ಇದೆ. ಅವತ್ತು ಕಚೇರೀಲಿ ಸಾಹೇಬ್ರು ಕೇಳಿದ್ರಲ್ಲ, ನಿಮ್ಮ ಇಷ್ಟದಿಂದಲೇ ಕೊಡ್ತಿದೀರಾ ಅಂತ? ಅಪ್ಪ ಆಗಲ ಅಂತೇನೋ ಅಂದ್ರು. ನಾನು ಆಗಲಿ ಅಂದ್ಬಿಟ್ಟೆ. ನನ್ನ ಕಿವಿ ಸರಿಯಿಲ್ಲ ಅಂದ್ಮೇಲೆ, ಅಪ್ಪ ಆಗಲ್ಲ ಅಂದಿದ್ರೂ ಅಂದಿರಬಹುದು. ಅಂಗಡಿ, ಗೋದಾಮು ಎಲ್ಲ ನನ್ನ ಒಂದು ಮಾತಿನ ಮೇಲೆ ಹೋಗಿದೆ. ತಪ್ಪಾಗಿದ್ರೆ ಅಪ್ಪನ ಆತ್ಮಕ್ಕೆ ನೋವಲ್ವಾ? ನಾಳೆ ಹೋಗಿ ಸಾಹೇಬ್ರಿಗೆ ಹೇಳ್ಬಿಡ್ತೀನಿ. ಅಣ್ಣ ಬರ್ಕೊಡ್ತೀನಿ ಅಂದಿದಾನಲ್ಲ, ಅದೂ ಜೊತೆಗಿರುತ್ತೆ."

ಹಾಸಿಗೆಗಳ ಪರಪರ ಸದ್ದು ಕೂಡ ನಿಂತುಹೋಯಿತು. ದೊಡ್ಡಣ್ಣನ ಬಾಯಲ್ಲಿ ಸಿಹಿ ಇತ್ತು. ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಆಗಲಿ ಎಂಬುದಕ್ಕೂ ಆಗಲ್ಲ ಎಂಬುದಕ್ಕೂ ನಡುವೆ ಎಷ್ಟು ಕಡಿಮೆ ಜಾಗವಿದೆ, ಆ ಜಾಗದಲ್ಲಿ ತನ್ನ ಅಂಗಡಿ ಪೂರ್ತಿ ಕೂತಿದೆ ಎಂದು ಅವನಿಗೆ ಆಗ ಹೊಳೆಯಿತು.

ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಮೊದಲು ತಿಳಿದವನು ಚಿಕ್ಕಣ್ಣ. ಗೋದಾಮು ಅವನದು. "ಅಕ್ಕಾ, ನಿನ್ನ ಕಿವಿಗೆ ಏನಾಗಿದೆ? ನಿನ್ನಷ್ಟು ಸರಿಯಾಗಿ ಅಪ್ಪನ ಮಾತು ಯಾರಿಗೆ ತಿಳೀತಿತ್ತು?" ಎಂದು ಎದ್ದೇ ನಿಂತ. ಬೆನ್ನು ಒಂದು ಚೂರೂ ನೋಯಲಿಲ್ಲ. "ನನಗೂ ಅವತ್ತು ಪಾಲು ಅಂತಲೇ ಕೇಳಿಸ್ತು. ಹಿರಿಯರ ಮುಂದೆ ಹೆಂಗೆ ಹೇಳೋದು ಅಂತ ಸುಮ್ನಿದ್ದೆ."

"ಅಯ್ಯೋ, ನಾನು ಪಾಲು ಅಂತಲೇ ಹೇಳಿದ್ದು," ಎಂದರು ದೊಡ್ಡತ್ತಿಗೆ. "ನಿಮಗೆಲ್ಲ ಹಾಲು ಅಂತ ಕೇಳಿಸಿದ್ರೆ ನಾನೇನು ಮಾಡ್ಲಿ?"

ಚಿಕ್ಕತ್ತಿಗೆ ಮಾತ್ರ ಪಾತ್ರೆ ಹಿಡಿದುಕೊಂಡು, "ಹಾಗಾದ್ರೆ ಆಲೂಗಡ್ಡೆ ಅಲ್ವಾ?" ಎಂದು ಕೇಳುತ್ತಿದ್ದರು. ಆ ಮನೆಯಲ್ಲಿ ಸತ್ಯವನ್ನು ಹುಡುಕುತ್ತಿದ್ದವರು ಅವರೊಬ್ಬರೇ.

ಎಲ್ಲರೂ ದೊಡ್ಡಣ್ಣನ ಕಡೆ ನೋಡಿದರು. ಅವನು ಕಷ್ಟಪಟ್ಟು ನುಂಗಿದ. ನೀರು ಕುಡಿದ. "ಸಿಟ್ಟಲ್ಲಿ ಏನೋ ಅಂದೆ ಕಣೇ," ಎಂದ. "ನಿನ್ನ ಕಿವಿಗೆ ಏನೂ ಆಗಿಲ್ಲ. ಅಪ್ಪ ಅಲ್ಲಿ ಅಂದಿದ್ದು ಆಗಲಿ ಅಂತಲೇ. ಇಲ್ಲಿ ಅಂದಿದ್ದು..." ಮುಂದಿನ ಅಕ್ಷರ ಅವನ ಗಂಟಲಲ್ಲೇ ಉಳಿಯಿತು. ದೊಡ್ಡಪ್ಪನಿಗೆ ಆಗುತ್ತಿದ್ದದ್ದು ಈಗ ಮಗನಿಗೂ ಆಯಿತು. "...ಪಾಲು."

"ನೋಡಿದ್ರಾ," ಎಂದರು ತೀರ್ಪು ಮಾವ, ಎಲ್ಲ ತಾವೇ ಮಾಡಿದವರಂತೆ. "ಗಂಡುಮಕ್ಕಳಿಗೆ ಅಂಗಡಿ, ಗೋದಾಮು. ಹೆಣ್ಣುಮಗಳಿಗೆ ಮನೆ. ಭಾವನೋರು ಎಷ್ಟು ಯೋಚ್ನೆ ಮಾಡಿದಾರೆ!" ಎಂದು ಮೂರನೆಯ ಸಲ ಸಿಹಿ ಹಾಕಿಸಿಕೊಂಡರು. ಜೀವಮಾನದಲ್ಲಿ ಅವರು ಕೊಟ್ಟ ಸ್ಪಷ್ಟವಾದ ತೀರ್ಪು ಅದೊಂದೇ. ಅದೂ ಅವರು ಕೊಟ್ಟದ್ದಲ್ಲ.

"ಬಾಯಿಮಾತು ಬೇಡ ಮಾವ," ಎಂದಳು ಅಕ್ಕ. "ನಾಳೆ ಎಲ್ಲರೂ ಅದೇ ಕಚೇರಿಗೆ ಹೋಗೋಣ. ಅಣ್ಣತಮ್ಮ ಇಬ್ಬರಿಗೂ ನಾಲಿಗೆ ಚೆನ್ನಾಗಿದೆ. ಅವರ ಒಪ್ಪಿಗೆ ಅವರೇ ಹೇಳ್ಲಿ. ನಾನು ಮಧ್ಯ ಬೇಕಾಗಲ್ಲ."

ಹೋದರು, ಹೇಳಿದರು, ಸಹಿ ಹಾಕಿದರು. ಈ ಸಲ ಮೆಟ್ಟಿಲಲ್ಲಿ ಯಾರೂ ಟೀ ಕೊಡಿಸಲಿಲ್ಲವಂತೆ.

ಸ್ವಲ್ಪ ದಿನ ಬಿಟ್ಟು ನಾನು ಅಕ್ಕನನ್ನು ನೋಡಲು ಹೋದೆ. ದೊಡ್ಡಪ್ಪನ ಮಂಚ ಹೊರಗೆ ಹಾಕಿಸಿದ್ದಳು. ಕೋಣೆಗೆ ಸುಣ್ಣ ಹೊಡೆಸಿದ್ದಳು, ಬಾಡಿಗೆಗೆ ಕೊಡುತ್ತಾಳಂತೆ. ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿಯೂ ಬಂದಿದ್ದಳು. ಅಲ್ಲೀಗ ಯಂತ್ರ ಮಾತಾಡುತ್ತದೆ, ಅದಕ್ಕೆ ಕಿವಿಯೇ ಇಲ್ಲ ಎಂದು ನಕ್ಕಳು. ಹಿತ್ತಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಿಜ ಹೇಳು. ಕಚೇರೀಲಿ ದೊಡ್ಡಪ್ಪ ಆಗಲ್ಲ ಅಂದಿದ್ರಾ?"

"ಇಲ್ಲ ಕಣೇ. ಆಗಲಿ ಅಂದ್ರು. ಅಲ್ಲಿದ್ದೋರಿಗೆಲ್ಲ ಹೆಂಗೆ ಕೇಳಿಸ್ತೋ, ನನಗಂತೂ ಅಷ್ಟು ಸ್ಪಷ್ಟವಾಗಿ ಅವರು ಯಾವತ್ತೂ ಮಾತಾಡಿರ್ಲಿಲ್ಲ. ಗಂಡುಮಕ್ಕಳಿಗೆ ಕೊಡೋವಾಗ ಅಪ್ಪನ ನಾಲಿಗೆ ತೊದಲಲೇ ಇಲ್ಲ."

"ಮತ್ತೆ ಕೊನೇಲಿ?"

ಅಕ್ಕ ಹೊರಗೆ ಹಾಕಿಸಿದ್ದ ಮಂಚದ ಕಡೆ ನೋಡಿದಳು.

"ಹಾಲು," ಎಂದಳು.

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಇಷ್ಟು ದಿನ ಪಾಲು ಪಾಲು ಎಂದು ಊರೆಲ್ಲ ಸಾರಿಕೊಂಡು ಬಂದವಳು ನಾನು. ದೊಡ್ಡಪ್ಪನ ಮೇಲೆ ಸಿಟ್ಟು ಬಂತು. ಸಾಯುವಾಗಲೂ ಈ ಮನುಷ್ಯನಿಗೆ ಮಗಳಿಗೊಂದು ಮನೆ ಕೊಡಬೇಕೆಂದು ಹೊಳೆಯಲಿಲ್ಲವೇ?

"ಪಾಲು ಅನ್ನೋದು ಅಪ್ಪನ ತಲೇಲೇ ಇರ್ಲಿಲ್ಲ," ಎಂದಳು ಅಕ್ಕ, ನನ್ನ ಮುಖ ನೋಡಿ. "ಆದ್ರೆ ಹಿಂದಿನ ದಿನದಿಂದ ನಾನು ಏನೂ ತಿಂದಿರ್ಲಿಲ್ಲ. ಅಲ್ಲಿಂದ ಏಳೋ ಹಾಗಿರ್ಲಿಲ್ಲವಲ್ಲ. ಅದು ಅವರಿಗೆ ಕಂಡಿತ್ತು. ಅಷ್ಟು ಜನ ಇದ್ರಿ, ಯಾರಿಗೂ ಕಂಡಿರ್ಲಿಲ್ಲ."

"ಹಾಗಾದ್ರೆ ಕೇಳಿದಾಗ ಯಾಕೆ ಹೇಳಲಿಲ್ಲ?"

"ನನಗೆ ಹಾಲು ಕೊಡಿ ಅಂತ ನಾನೇ ಹೆಂಗೆ ಹೇಳ್ಲಿ? ಅತ್ತಿಗೆ ಸರಿಯಾಗಿ ಹೇಳಿದ್ರಲ್ಲ, ಹಾಲು ಅಂತ. ಯಾರಾದ್ರೂ ತರ್ತಾರೆ ಅಂತ ಕೂತಿದ್ದೆ. ಊಟದ ದಿನದವರೆಗೂ ನೋಡ್ದೆ. ಹಾಲು ಹಾಲು ಅಂತ ಎಲ್ಲರೂ ಜಗಳ ಆಡಿದ್ರು. ಯಾರೂ ಒಂದು ಲೋಟ ಕಾಯಿಸಿ ತರ್ಲಿಲ್ಲ." ಅವಳು ಸೀರೆಯ ನೆರಿಗೆಗೆ ಅಂಟಿದ್ದ ಸುಣ್ಣ ಕೊಡವಿಕೊಂಡು ಎದ್ದಳು. "ಒಂದು ಲೋಟ ತಂದಿದ್ರೆ ಕುಡಿದು ಸುಮ್ನಾಗ್ತಿದ್ದೆ ಕಣೇ. ಮನೆ ಅವರಿಗೇ ಹೋಗ್ತಿತ್ತು."